ಒಬ್ಬರಿಗೊಂದು ಗುಂಡುಸೂಜಿ

ಆ ಪುರಸಭೆಯ ಸದಸ್ಯರಲ್ಲಿ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಭಗವಂತ ಎಲ್ಲರನ್ನೂ ಒಂದೇ ಮಣ್ಣಿನಿಂದ ಮಾಡಿದನಂತೆ. ಇವರ ಸರದಿ ಬಂದಾಗ ಮಾತ್ರ ಮಣ್ಣಿಗೆ ನೀರು ಹಾಕುವುದನ್ನು ಮರೆತಿರಬೇಕು. ಯಾರೂ ಯಾರಿಗೂ ಅಂಟುತ್ತಿರಲಿಲ್ಲ. ಬೀದಿದೀಪದ ಚರ್ಚೆಗೆ ಕೂತರೆ ಸತ್ತುಹೋದ ಅಜ್ಜಂದಿರ ಮಾನ ಹರಾಜಾಗುತ್ತಿತ್ತು. ಚರಂಡಿಯ ಮಾತು ಬಂದರೆ ಕುರ್ಚಿಗಳು ಮೇಲೇಳುತ್ತಿದ್ದವು. ಅದಕ್ಕೇ ಹಕ್ಕಿ ಪಾರ್ಕಿನ ವಿಷಯ ಬಂದಾಗ ಅಧ್ಯಕ್ಷರು ಒಂದು ಹೊಸ ಪದ್ಧತಿ ತಂದರು.

ಅಧ್ಯಕ್ಷರು ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಗೋಡೆಯಷ್ಟಗಲದ ನಕ್ಷೆಯೊಂದನ್ನು ಸಭಾಂಗಣದಲ್ಲಿ ತೂಗುಹಾಕಿಸಿದರು. ಊರಂಚಿನ ಇಟ್ಟಿಗೆಗೂಡುಗಳಿಗೆ ಮಣ್ಣು ತೋಡಿ ತೋಡಿ ಆದ ಹಳ್ಳಗಳು ಅದರಲ್ಲಿದ್ದವು. ಗೂಡುಗಳು ಆರಿಹೋದ ಮೇಲೆ ಆ ಹಳ್ಳಗಳಲ್ಲಿ ನೀರು ನಿಂತು, ಜೊಂಡು ಬೆಳೆದು, ಹಕ್ಕಿಗಳು ಯಾರ ಅಪ್ಪಣೆಯನ್ನೂ ಕೇಳದೆ ಬಂದು ಸಂಸಾರ ಹೂಡಿದ್ದವು. ಅಳತೆಯವರು ಗುರುತಿಸಿದ ಎಲ್ಲೆಯ ಮೇಲೆ ಅಧ್ಯಕ್ಷರು ಸುತ್ತಲೂ ಗುಂಡುಸೂಜಿ ಚುಚ್ಚಿಸಿ, ಸೂಜಿಗಳ ಹೊರಗಿನಿಂದ ಒಂದು ಕೆಂಪು ದಾರ ಹಾಯಿಸಿದರು. ದಾರದ ಒಳಗಿದ್ದದ್ದು ಪಾರ್ಕು. ಅಲ್ಲಿ ಮನುಷ್ಯರ ಕಸುಬು, ಕಟ್ಟಡ, ವಾಹನ ಯಾವುದೂ ಇರುವಂತಿಲ್ಲ.

"ಒಬ್ಬರಿಗೆ ಒಂದು ಸೂಜಿ. ಎಲ್ಲಿಗೆ ಬೇಕೋ ಸರಿಸಿ. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ, ಯಾರೂ ಹೇಳೋ ಹಾಗಿಲ್ಲ. ದಾರ ಮಾತ್ರ ಮುಟ್ಟಬಾರದು. ಕೊನೆಗೆ ದಾರ ಹೇಗಿರತ್ತೋ ಅದೇ ಎಲ್ಲೆ" ಎಂದರು ಅಧ್ಯಕ್ಷರು.

"ಬಾಯೇ ಬಿಡೋ ಹಾಗಿಲ್ವಾ ಮೇಷ್ಟ್ರೇ?" ಎಂದ ಲಾರಿ ಸಾಹುಕಾರ. ಊರಿನ ಅರ್ಧ ಲಾರಿಗಳು ಅವನವು, ಹಾಗಾಗಿ ಅರ್ಧ ಧೂಳೂ ಅವನದೇ.

"ಬಿಟ್ಟರೆ ನೀವು ಮುಚ್ಚಲ್ಲವಲ್ಲಪ್ಪಾ, ಅದಕ್ಕೇ."

ಎಲ್ಲರೂ ನಕ್ಕರು. ನಗದೆ ಕೂತಿದ್ದವಳು ದಾದಿಯಮ್ಮ ಒಬ್ಬಳೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ನಿವೃತ್ತಿಯಾದ ಮೇಲೆ ಚುನಾವಣೆಗೆ ನಿಂತು ಗೆದ್ದಿದ್ದಳು. ಹಕ್ಕಿ ಪಾರ್ಕಿನ ಮಾತು ಆ ಸಭೆಗೆ ಬಂದದ್ದೇ ಅವಳ ಹಟದಿಂದ. ನಕ್ಷೆಯ ಬಲಗಡೆ, ಪೂರ್ವದ ಅಂಚಿನಲ್ಲಿ, ಜೊಂಡಿನ ಹಳ್ಳವಿತ್ತು. ನೀರುಕೋಳಿಗಳು ಮೊಟ್ಟೆಯಿಡುತ್ತಿದ್ದದ್ದು ಅಲ್ಲೇ. ನಕ್ಷೆಯ ಕೆಳಗಡೆ, ದಕ್ಷಿಣದ ಅಂಚಿನಲ್ಲಿ, ಪುರಸಭೆಯ ಗುತ್ತಿಗೆ ಜಾಗದಲ್ಲಿ ಒಂದು ಸಸಿ ನರ್ಸರಿ ಇತ್ತು. ಅದೂ ದಾರದ ಒಳಗೇ ಇತ್ತು. ಅದು ಅವಳ ತಮ್ಮನದು.

ಅಕ್ಕ ಮಹಡಿಯ ಮೇಲೆ, ತಮ್ಮ ಕೆಳಗೆ. ಇಬ್ಬರಿಗೂ ಒಂದೇ ಮೆಟ್ಟಿಲು. ಅವರಿಬ್ಬರ ನಡುವೆ ಮಾತು ಹಳಸಿ ಕಾಲವಾಗಿತ್ತು. ತಾಯಿಯ ಕೊನೆಗಾಲದಲ್ಲಿ ಯಾರು ಎಷ್ಟು ಸೇವೆ ಮಾಡಿದರು ಎಂಬ ಲೆಕ್ಕದಿಂದ ಶುರುವಾದದ್ದು, ಈಗ ನಲ್ಲಿ ನೀರಿಗೆ, ಒಣಹಾಕಿದ ಬಟ್ಟೆಗೆ, ಮೆಟ್ಟಿಲು ಗುಡಿಸುವುದಕ್ಕೆ ಇಳಿದಿತ್ತು. ಆ ಸಂಜೆ ತಮ್ಮ ತಾನಾಗಿಯೇ ಮೇಲೆ ಬಂದ. ಹಿಂದೆ ಅವನ ಹೆಂಡತಿ. ಇಬ್ಬರೂ ಕೂರಲಿಲ್ಲ.

"ನಿನ್ನ ಸೂಜಿ ನನಗೆ ಬೇಕು" ಎಂದ.

"ಅದು ಜೊಂಡಿಗೆ ಅಂತ ಇಟ್ಟಿದೀನಿ ಕಣೋ. ಲಾರಿಯವನು ಆ ಕಡೆ ಕಣ್ಣು ಹಾಕಿದಾನೆ. ಅವನು ಸೂಜಿ ಒಳಗೆ ಎಳೆದರೆ ನಾನು ಹೊರಗೆ ಎಳೀಬೇಕು. ಇನ್ಯಾರು ಎಳೀತಾರೆ ಹೇಳು?"

"ಓಹೋ. ನೀರುಕೋಳಿ ನಿನ್ನ ಒಡಹುಟ್ಟು, ನಾನು ಬೀದೀಲಿ ಸಿಕ್ಕವನು."

"ಹಾಗಂದೆನೇನೋ?"

"ಬಾಯಿ ಬಿಟ್ಟು ಅನ್ನಬೇಕಾ ಅತ್ತಿಗೆ?" ಎಂದಳು ತಮ್ಮನ ಹೆಂಡತಿ. "ಊರ ಮಕ್ಕಳನ್ನೆಲ್ಲ ಎತ್ತಿಕೊಂಡ ಕೈ ನಿಮ್ಮದು. ಮನೆಯವರಿಗೆ ಮಾತ್ರ ಯಾವತ್ತೂ ಬಿಡುವಿರಲಿಲ್ಲ. ನಾಳೆ ನಾವು ಸಸಿ ತಲೆ ಮೇಲೆ ಹೊತ್ತು ಬೀದಿ ಬೀದಿ ತಿರುಗುವಾಗ ಹಕ್ಕಿ ಹಾಡು ಕೇಳ್ತಾ ಕೂತಿರಿ."

ಮಾತು ನೆಟ್ಟಗೆ ಎದೆಗೆ ನಾಟಿತು. ಅವರು ಇಳಿದುಹೋದ ಮೇಲೆ ದಾದಿಯಮ್ಮ ದೇವರ ಮುಂದೆ ಕೂತಳು. ಆದರೆ ಕೇಳುವುದೇನೆಂದು ತೋಚಲಿಲ್ಲ. ಹೆರಿಗೆ ಕೋಣೆಯಲ್ಲಿ ತಾಯಿಯೂ ಇರಲಿ, ಮಗುವೂ ಇರಲಿ ಎಂದು ಬೇಡಿಕೊಂಡು ಅಭ್ಯಾಸವಾದವಳು ಅವಳು. ಎರಡರಲ್ಲೊಂದನ್ನು ಆರಿಸಿಕೊಡು ಎಂದು ದೇವರನ್ನು ಯಾವತ್ತೂ ಕೇಳಿದ್ದಿಲ್ಲ.

ಸಭೆಯ ದಿನ ಬಂತು. ಸಾರ್ವಜನಿಕರ ಬೆಂಚಿನಲ್ಲಿ ತಮ್ಮ ಕೈಕಟ್ಟಿ ಕೂತಿದ್ದ. ಸದಸ್ಯರು ಒಬ್ಬೊಬ್ಬರೇ ಎದ್ದು ನಕ್ಷೆಯ ಬಳಿಗೆ ಹೋದರು. ಔಷಧಿ ಅಂಗಡಿಯಾಕೆ ಪಶ್ಚಿಮದ ಸೂಜಿಯನ್ನು ಒಳಕ್ಕೆ ಎಳೆದಳು. ಅಲ್ಲಿ ಅವಳ ಭಾವ ಮನೆ ಕಟ್ಟಿಸುತ್ತಿದ್ದ. ಇನ್ನೊಬ್ಬ ಉತ್ತರದ್ದನ್ನು ಎಳೆದ. ಮತ್ತೊಬ್ಬನಿಗೆ ಅಲ್ಲಿ ಏನೂ ಇರಲಿಲ್ಲ. ಆದರೂ ಎಲ್ಲರೂ ಎಳೆಯುವಾಗ ತಾನೊಬ್ಬ ಎಳೆಯದಿದ್ದರೆ ನಷ್ಟವಾದೀತೆಂದು ಅವನೂ ಒಂದಿಷ್ಟು ಎಳೆದ. ಲಾರಿ ಸಾಹುಕಾರ ನಿಧಾನವಾಗಿ ಎದ್ದು, ಶರ್ಟಿನ ತೋಳು ಮಡಚಿ, ಪೂರ್ವದ ಸೂಜಿಗೆ ಕೈ ಹಾಕಿದ. ಜೊಂಡಿನ ಹಳ್ಳ ಪೂರ್ತಿ ದಾರದ ಹೊರಗಾಯಿತು. ತಿರುಗಿ ದಾದಿಯಮ್ಮನ ಕಡೆ ನೋಡಿ, ಊಟ ಬಡಿಸುವವನಂತೆ ಕೈ ಚಾಚಿ, "ಬನ್ನಿ, ನಿಮ್ಮದೇ ಕೊನೇದು" ಎಂದ.

ಅವಳು ಎದ್ದಳು. ಬಲಗಡೆಗೆ ನಡೆದರೆ ಜೊಂಡು, ಕೆಳಗೆ ಬಗ್ಗಿದರೆ ತಮ್ಮ. ಬೆನ್ನ ಮೇಲೆ ತಮ್ಮನ ಕಣ್ಣು ಕೆಂಡದ ಹಾಗೆ ಸುಡುತ್ತಿತ್ತು. ಮದುವೆಗೂ ಮುಂಚೆ ಅವನು ಆ ಬಂಜರು ಜಾಗದಲ್ಲಿ ಒಬ್ಬನೇ ಕಲ್ಲು ಆಯುತ್ತಿದ್ದದ್ದು, ತಾನು ಪಾಳಿ ಮುಗಿಸಿ ಬರುವಾಗ ದಾರಿಯಿಂದಲೇ ಅವನನ್ನು ನೋಡಿ ನಿದ್ದೆಗಣ್ಣಲ್ಲಿ ಮನೆಗೆ ಹೋಗಿಬಿಡುತ್ತಿದ್ದದ್ದು ನೆನಪಾಯಿತು. ಒಂದು ದಿನವೂ ಹತ್ತಿರ ಹೋಗಿ ಒಂದು ಕಲ್ಲು ಎತ್ತಿರಲಿಲ್ಲ. ಅವಳು ಬಗ್ಗಿದಳು. ದಕ್ಷಿಣದ ಸೂಜಿಯನ್ನು ಕಿತ್ತು ನರ್ಸರಿಯ ಮೇಲ್ಗಡೆ ಚುಚ್ಚಿದಳು.

ಯಾರೋ ಸಿಳ್ಳೆ ಹಾಕಿದರು. "ಹಕ್ಕಿಗಳ ತಾಯಿ ಕೈಕೊಟ್ಟಳು!" ಎಂದು ಸಾಹುಕಾರ ಚಪ್ಪಾಳೆ ತಟ್ಟಿದ. ಅವಳು ತಲೆ ಎತ್ತದೆ ಹೊರಗೆ ಬಂದಳು. ಉಳಿದವರೂ ಚಹಾಕ್ಕೆ ಎದ್ದರು.

ಖಾಲಿ ಸಭಾಂಗಣದಲ್ಲಿ ಉಳಿದವನು ನಕ್ಷೆ ಬರೆಯುವ ನೌಕರ ಒಬ್ಬನೇ. ದಾರ ಇದ್ದ ಹಾಗೇ ಗೆರೆ ಎಳೆ, ಸ್ವಂತ ಬುದ್ಧಿ ಓಡಿಸಬೇಡ ಎಂದು ಅವನಿಗೆ ಅಪ್ಪಣೆಯಾಗಿತ್ತು. ಎಲ್ಲರೂ ಸೂಜಿಯನ್ನು ಒಳಕ್ಕೇ ಎಳೆದಿದ್ದರಿಂದ ದಾರ ಪೂರ್ತಿ ಸಡಿಲವಾಗಿತ್ತು. ದಾರ ಮುಟ್ಟಬಾರದೆಂಬ ನಿಯಮಕ್ಕೆ ಹೆದರಿ ಯಾರೂ ಅದನ್ನು ಬಿಗಿ ಮಾಡಿರಲಿಲ್ಲ. ನಕ್ಷೆ ಗೋಡೆಯ ಮೇಲಿತ್ತಲ್ಲ, ಆ ಸಡಿಲವೆಲ್ಲ ಜಾರಿ ಜಾರಿ ಕೆಳಗಡೆ ಬಂದು ಜೋತುಬಿದ್ದಿತ್ತು. ನೌಕರ ಅದು ಜೋತ ಹಾಗೇ ಗೆರೆ ಎಳೆದ.

ಮರುದಿನ ಸೂಚನಾ ಫಲಕದಲ್ಲಿ ದಾದಿಯಮ್ಮ ಆ ಗೆರೆ ಕಂಡಳು. ತುಂಬು ಬಸುರಿಯ ಹೊಟ್ಟೆಯ ಹಾಗೆ ಪಾರ್ಕು ದಕ್ಷಿಣಕ್ಕೆ ಇಳಿದಿತ್ತು. ತಮ್ಮನ ನರ್ಸರಿ ಸರಿಯಾಗಿ ಅದರ ನಡುವೆ ಇತ್ತು.

ಮನೆಯ ಮೆಟ್ಟಿಲ ಬುಡದಲ್ಲೇ ತಮ್ಮ ನಿಂತಿದ್ದ. "ಸೂಜಿ ಸರಿಸಿದ ಹಾಗೆ ನಾಟಕ ಆಡಿ ದಾರ ನನ್ನ ಕುತ್ತಿಗೆಗೆ ಬಿಟ್ಟೆಯಲ್ಲ! ಇದಕ್ಕಿಂತ ನೇರವಾಗಿ ಕೊಡಲ್ಲ ಅಂದಿದ್ರೆ ಒಪ್ಪಿಕೊಳ್ತಿದ್ದೆ."

"ದೇವರಾಣೆ, ನನಗೆ ಗೊತ್ತಿರಲಿಲ್ಲ ಕಣೋ."

"ನಿನ್ನ ದೇವರನ್ನ ಮಹಡಿ ಮೇಲೇ ಇಟ್ಟುಕೋ. ಕೆಳಗೆ ತರಬೇಡ."

ಅದೇ ದಿನ ಅಧ್ಯಕ್ಷರು ಬಂದರು. ಬೆಣ್ಣೆಯಂಥ ಮಾತು. "ಇದೇನು ದೊಡ್ಡ ವಿಷಯ ದಾದಿಯಮ್ಮಾ? ಗೆರೆಗೆ ಮೊಹರು ಬೀಳೋದು ಮುಂದಿನ ಸಭೆಯಲ್ಲಿ. ನೌಕರನ ಕೈತಪ್ಪು ಅಂದರೆ ಮುಗೀತು. ಸೂಜಿಯಿಂದ ಸೂಜಿಗೆ ನೇರ ಎಳೆಸ್ತೀನಿ. ನಿಮ್ಮ ತಮ್ಮ ಬಚಾವ್. ನೀವು ಮಾತ್ರ ಪೂರ್ವದ ಕಡೆ ಮೂಗು ತೂರಿಸಬೇಡಿ. ಸಾಹುಕಾರರಿಗೆ ನೋವಾಗಬಾರದು."

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಧ್ಯಕ್ಷರು ಅದನ್ನು ಹೂಂ ಎಂದೇ ತಿಳಿದು ಎದ್ದರು. ತಮ್ಮನಿಗೂ ಹೇಳಿ ಹೋದರು ಅಂತ ಕಾಣುತ್ತದೆ. ಆ ಸಂಜೆ ಕೆಳಗಿನಿಂದ ಬೈಗುಳ ಕೇಳಿಸಲಿಲ್ಲ.

ಬೆಳಗ್ಗೆ ಅವಳು ಜೊಂಡಿನ ಹಳ್ಳಕ್ಕೆ ಹೋದಳು. ಮನಸ್ಸು ಹಗುರಾಗಲೆಂದು ಹೋದವಳಿಗೆ ದೂರದಿಂದಲೇ ಇಂಜಿನ್ನಿನ ಸದ್ದು ಕೇಳಿಸಿತು. ಮೊಹರೇ ಬೀಳದ ಗೆರೆಯನ್ನು ನಂಬಿ ಸಾಹುಕಾರನ ಲಾರಿ ನೀರಿಗೆ ಕಟ್ಟಡದ ಕಸ ಸುರಿಯುತ್ತಿತ್ತು. ಮುರಿದ ಇಟ್ಟಿಗೆ, ಗಾರೆ, ಬಚ್ಚಲ ಟೈಲು. ಅಡಿಯಲ್ಲಿ ಸಿಕ್ಕಿದ ಜೊಂಡು ಬಾಗಿ ಮಲಗಿತ್ತು. ಒಂದು ನೀರುಕೋಳಿ ಕಸದ ಗುಡ್ಡೆಯ ಸುತ್ತ ಈಜುತ್ತಿತ್ತು. ಕೂಗುತ್ತಿರಲಿಲ್ಲ. ಒಂದು ಕಡೆಯಿಂದ ಹೋಗಿ ಇಣುಕುವುದು, ಇನ್ನೊಂದು ಕಡೆಯಿಂದ ಬಂದು ಇಣುಕುವುದು. ಮಗು ಉಳಿಯಲಿಲ್ಲ ಎಂದು ಇನ್ನೂ ಯಾರೂ ಹೇಳದ ತಾಯಂದಿರು ಹೀಗೇ ಕೋಣೆಯ ಬಾಗಿಲ ಕಡೆ ಇಣುಕುತ್ತಿದ್ದದ್ದನ್ನು ದಾದಿಯಮ್ಮ ಕಂಡಿದ್ದಳು.

"ನಿಲ್ಲಿಸೋ!" ಎಂದು ಕೂಗಿದಳು.

ಡ್ರೈವರ್ ತಲೆ ಹೊರಗೆ ಹಾಕಿದ. "ಸೂಜಿ ಎಲ್ಲಿ ಚುಚ್ಚಿದ್ರಿ ದಾದಿಯಮ್ಮಾ? ಊರಿಗೆಲ್ಲ ಗೊತ್ತು. ದಾರಿ ಬಿಡಿ, ಇನ್ನೊಂದು ಲೋಡು ಬರ್ತಾ ಇದೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಮೊಹರಿನ ಸಭೆ ಕಿಕ್ಕಿರಿದಿತ್ತು. ತಮ್ಮ, ಅವನ ಹೆಂಡತಿ ಇಬ್ಬರೂ ಮೊದಲ ಬೆಂಚಿನಲ್ಲಿದ್ದರು. ಅಂದು ಮಾತ್ರ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ದಕ್ಷಿಣದಲ್ಲಿ ನೌಕರನ ಕೈತಪ್ಪಿನಿಂದ..." ಎಂದು ಶುರುಮಾಡಿದರು.

"ಕೈತಪ್ಪು ಅವನದಲ್ಲ" ಎಂದು ದಾದಿಯಮ್ಮ ಎದ್ದಳು. "ದಕ್ಷಿಣದ ಸೂಜಿ ಸರಿಸಿದ್ದು ನಾನು. ಹಕ್ಕಿಗಳಿಗಾಗಿ ಅಲ್ಲ, ಊರಿಗಾಗಿ ಅಲ್ಲ. ಅಲ್ಲಿ ನನ್ನ ತಮ್ಮನ ನರ್ಸರಿ ಇದೆ, ಅದಕ್ಕೇ ಸರಿಸಿದೆ."

"ಕಾರಣ ಹೇಳಬಾರದು ಅಂತ ನಿಯಮ ಇದೆ!" ಎಂದು ಅಧ್ಯಕ್ಷರು ಮೇಜು ಕುಟ್ಟಿದರು.

ಮೊಹರು ಹಾಕಬೇಕಾಗಿದ್ದ ಮುಖ್ಯಾಧಿಕಾರಿಣಿ ಕನ್ನಡಕ ಮೇಲೇರಿಸಿದಳು. ಸಭೆಯಲ್ಲಿ ಯಾರ ಕಡೆಗೂ ವಾಲದವಳು. ಅದರಿಂದಾಗಿ ಎಲ್ಲರೂ ಅವಳನ್ನು ಸಮನಾಗಿ ದ್ವೇಷಿಸುತ್ತಿದ್ದರು. "ಅದು ನಿಮ್ಮ ನಿಯಮ, ಸರ್. ಪುರಸಭೆ ಕಾನೂನು ಬೇರೆ ಇದೆ. ತನಗೋ ತನ್ನವರಿಗೋ ಲಾಭ ಇರುವ ವಿಷಯಕ್ಕೆ ಸದಸ್ಯರು ಕೈ ಹಾಕಿದ್ದು ಸಭೆಯಲ್ಲಿ ಬಾಯಿಬಿಟ್ಟು ಹೇಳಿದ ಮೇಲೆ ಈ ಎಲ್ಲೆಗೆ ನಾನು ಮೊಹರು ಹಾಕೋಕೆ ಆಗಲ್ಲ. ಇನ್ನು ಪ್ರತಿಯೊಬ್ಬರೂ ಎದ್ದು ನಿಂತು, ತಮ್ಮ ಸೂಜಿ ಯಾಕೆ ಸರಿಸಿದ್ದು ಅಂತ ಹೇಳಬೇಕು. ಸ್ವಂತ ಲಾಭಕ್ಕೆ ಸರಿಸಿದ್ದರೂ, ಕಾರಣ ಹೇಳದಿದ್ದರೂ, ಆ ಸೂಜಿ ಮೊದಲಿನ ಜಾಗಕ್ಕೇ."

ಬೆಂಚುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಹೇಳಿ ಸಾಹುಕಾರ್ರೇ, ಜೊಂಡಲ್ಲಿ ಲಾರಿ ಮೊಟ್ಟೆ ಇಡತ್ತಾ?" ಎಂದು ಹಿಂದಿನಿಂದ ಒಂದು ದನಿ ಬಂತು. ಸಾಹುಕಾರನ ಮುಖ ಕಪ್ಪಿಟ್ಟಿತು. ಔಷಧಿ ಅಂಗಡಿಯಾಕೆ ನೆಲ ನೋಡಿದಳು. ಒಬ್ಬರೂ ಏಳಲಿಲ್ಲ.

ನೌಕರ ಏಣಿ ಹತ್ತಿ ಸೂಜಿಗಳನ್ನು ಒಂದೊಂದಾಗಿ ಹಳೆಯ ತೂತುಗಳಿಗೇ ಚುಚ್ಚುತ್ತ ಬಂದ. ಪೂರ್ವದ್ದು ಹೊರಕ್ಕೆ ಹೋಯಿತು, ಜೊಂಡು ಒಳಗಾಯಿತು. ದಾರ ಮತ್ತೆ ಬಿಗಿಯಾಗತೊಡಗಿತು. ಎಲ್ಲಕ್ಕಿಂತ ಕೊನೆಗೆ ದಕ್ಷಿಣದ ಸೂಜಿ ನರ್ಸರಿಯ ಆಚೆಗೆ ಇಳಿಯಿತು. ದಾದಿಯಮ್ಮ ಅದನ್ನು ನೋಡಿಯೇ ಕೂತಳು. ತಮ್ಮ ಅಷ್ಟರಲ್ಲಿ ಎದ್ದು ಹೋಗಿದ್ದ.

ಹೊರಗೆ ಸಾಹುಕಾರ ಅವಳ ದಾರಿಗಡ್ಡ ನಿಂತ. "ನಿನ್ನ ಸದಸ್ಯತ್ವ ಕೀಳಿಸದೆ ಬಿಡಲ್ಲ ಮುದುಕಿ."

"ಕೀಳಿಸಪ್ಪಾ" ಎಂದಳು. "ನಿನ್ನನ್ನ ಈ ಲೋಕಕ್ಕೆ ಎಳೆದವಳು ನಾನೇ. ಅವತ್ತು ಕೂಡ ನೀನು ಹೀಗೇ ಕಿರುಚಿದ್ದೆ."

ಅವನು ಮಾತು ಉಳಿಸಿಕೊಂಡ. ಸ್ವಂತ ಹಿತಕ್ಕೆ ಕೈ ಹಾಕಿದ್ದನ್ನು ತಾನೇ ಹೇಳಿದವಳೆಂದು ಅರ್ಜಿ ಹಾಕಿ ಅವಳ ಕುರ್ಚಿ ಕೀಳಿಸಿದ. ಬಾಯಿ ಬಿಡದವರ ಕುರ್ಚಿಗಳು ಹಾಗೇ ಉಳಿದವು. ದೇವರ ನ್ಯಾಯಕ್ಕೂ ಪುರಸಭೆಯ ನ್ಯಾಯಕ್ಕೂ ನಡುವೆ ದಾರಿ ದೂರ; ದಾದಿಯಮ್ಮ ಅದಕ್ಕಾಗಿ ಯಾರೊಡನೆಯೂ ಜಗಳವಾಡಲಿಲ್ಲ.

ನರ್ಸರಿ ತೆರವಾಗುವ ಬೆಳಗ್ಗೆ ಅವಳು ಅಲ್ಲಿಗೆ ಹೋದಳು. ತಮ್ಮ ಕುಂಡಗಳನ್ನು ಗಾಡಿಗೆ ಏರಿಸುತ್ತಿದ್ದ. ಅವನ ಹೆಂಡತಿ ಅತ್ತಿಗೆಯನ್ನು ಕಂಡದ್ದೇ ಬೆನ್ನು ತಿರುಗಿಸಿ ಚೀಲ ಹೊಲಿಯತೊಡಗಿದಳು.

"ಯಾಕೆ ಬಂದೆ? ಲೆಕ್ಕ ಹಾಕೋಕಾ?" ಎಂದ ತಮ್ಮ.

ಅವಳು ಸೆರಗು ಸಿಕ್ಕಿಸಿ, ಬಗ್ಗಿ, ಒಂದು ಕುಂಡ ಎತ್ತಿದಳು. ತಮ್ಮ ಬಂದು ಅದನ್ನು ಅವಳ ಕೈಯಿಂದ ಕಸಿದುಕೊಂಡ. ಗಾಡಿಗಿಡಲಿಲ್ಲ. ಮೊದಲಿದ್ದ ಜಾಗದಲ್ಲೇ ನೆಲಕ್ಕಿಟ್ಟು, ಮತ್ತೆ ತಾನೇ ಎತ್ತಿ ಗಾಡಿಗೆ ಏರಿಸಿದ.

ಅವಳು ಇನ್ನೊಂದು ಎತ್ತಿದಳು. ಅವನು ಅದನ್ನೂ ಕಸಿದು, ನೆಲಕ್ಕಿಟ್ಟು, ತಾನೇ ಎತ್ತಿದ.

"ಸುಮ್ನೆ ಮನೆಗೆ ಹೋಗು."

ಅವಳು ಮತ್ತೊಂದು ಎತ್ತಿದಳು. ಬಿಸಿಲು ಏರಿತು. ಇಬ್ಬರ ಅಂಗೈಗೂ ಕೆಸರು ಮೆತ್ತಿತು. ಅವಳು ಎತ್ತುವುದು, ಅವನು ಕಸಿಯುವುದು, ಇಡುವುದು, ಎತ್ತುವುದು. ಒಂದೇ ಕೆಲಸ ಎರಡಾಗಿ ನಡೆದು, ಮಧ್ಯಾಹ್ನಕ್ಕೆ ಮುಗಿಯಬೇಕಾದದ್ದು ಸಂಜೆಗೆ ಮುಗಿಯಿತು.