ಹಳಿಯ ಮೊಳೆಗೆ ಹೊಡೆದವರು ಯಾರು?

ನಮ್ಮ ಪಕ್ಕದ ಮನೆಯ ಬಾಗಿಲು ವಾರಕ್ಕೊಂದು ಸಲ ಜೋತುಬೀಳುತ್ತಿತ್ತು. ಮೇಲಿನ ಕೀಲಿನ ಮೊಳೆ ಸಡಿಲವಾಗಿ ಹೊರಗೆ ಬರುವುದು, ಬಾಗಿಲು ಕರಕರ ಎಂದು ನೆಲ ಕೆರೆಯುವುದು. ಆ ಮನೆಯ ಯಜಮಾನರು ಕಮ್ಮಾರಿಕೆ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಸುತ್ತಿಗೆ ಬಿಟ್ಟವರಲ್ಲ. ಅದೇ ಮೊಳೆಯನ್ನು ಅದೇ ತೂತಿಗೆ ಇಟ್ಟು ಎರಡೇಟು ಹೊಡೆದು, "ಆಯ್ತು, ಇನ್ನು ಹತ್ತು ವರ್ಷ ಅಲ್ಲಾಡಲ್ಲ" ಅನ್ನುತ್ತಿದ್ದರು. ಅವರ ಹತ್ತು ವರ್ಷ ಎಂದರೆ ಎಂಟು ದಿನ. ಇಂಥದೊಂದು ಬಾಗಿಲು ನಿಮ್ಮ ಬೀದಿಯಲ್ಲೂ ಇರುತ್ತದೆ.

ನಾನು ಗೋಡೆಯ ಈಚೆಗಿರುವ ಟೈಲರ್. ಹೊಲಿಗೆ ಮಿಷಿನ್ನನ್ನು ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಬೆಳಕು ಬೇಕು ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಬೀದಿ ಕಾಣಬೇಕು, ಅಷ್ಟೆ. ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಚೀಲ ಉಬ್ಬಿತ್ತು, ಎಲ್ಲ ನನಗೆ ಗೊತ್ತಿರುತ್ತದೆ. ಆದರೂ ಹಳಿಯ ಮೊಳೆಯ ವಿಷಯದಲ್ಲಿ ನಾನು ಪೂರ್ತಿ ಮೋಸಹೋದೆ. ಅದನ್ನು ಹೇಳಿಬಿಡುವುದೇ ವಾಸಿ ಎಂದು ಕೂತಿದ್ದೇನೆ.

ಯಜಮಾನರ ಸೊಸೆಗೆ ರೈಲ್ವೆಯಲ್ಲಿ ಕೆಲಸ. ನಾವೆಲ್ಲ ಅವಳನ್ನು ಹಳಿಯಕ್ಕ ಅನ್ನುತ್ತೇವೆ. ದಿನಾ ಬೆಳಗ್ಗೆ ಹೆಗಲ ಮೇಲೆ ಸುತ್ತಿಗೆ ಮತ್ತು ಹಾರೆ, ಕೈಯಲ್ಲಿ ಕೆಂಪು ಬಾವುಟ ಹಿಡಿದು ಆರು ಕಿಲೋಮೀಟರ್ ಹಳಿ ನಡೆಯುತ್ತಾಳೆ. ಹಳಿಯ ಕೆಳಗೆ ಅಡ್ಡಕ್ಕೆ ಹಾಕುವ ದಿಮ್ಮಿಗೆ ಸ್ಲೀಪರ್ ಅನ್ನುತ್ತಾರೆ; ಈಗ ಹೆಚ್ಚಿನ ಕಡೆ ಕಾಂಕ್ರೀಟಿನದು ಬಂದಿದೆ. ನಮ್ಮ ಬೀದಿಯ ಹಿಂದಿನ ತಿರುವಿನಲ್ಲಿ ಮಾತ್ರ ಇನ್ನೂ ಮರದ ಸ್ಲೀಪರೇ. ಹಳಿಯನ್ನು ಆ ಮರಕ್ಕೆ ಹಿಡಿದಿಡುವುದು ಅರ್ಧ ಅಡಿ ಉದ್ದದ, ಹೆಬ್ಬೆರಳು ದಪ್ಪದ ಕಬ್ಬಿಣದ ಮೊಳೆಗಳು. ಅವುಗಳ ತಲೆ ಒಂದು ಕಡೆಗೆ ಚಾಚಿಕೊಂಡು ಹಳಿಯ ಅಂಚನ್ನು ಅದುಮಿ ಹಿಡಿದಿರುತ್ತದೆ.

ಒಂದು ಸೋಮವಾರ ಹಳಿಯಕ್ಕ ಅಂಥದೊಂದು ಮೊಳೆ ಹಿಡಿದು ಮನೆಗೆ ಬಂದಳು. ಮುಖ ಬಿಳುಚಿಕೊಂಡಿತ್ತು. ನಾನು ಹೊಲಿಗೆ ಬಿಟ್ಟು ಎದ್ದು ಹೋದೆ.

"ಏನಾಯ್ತೇ?" ಅಂದೆ.

"ಅಕ್ಕಾ, ಇವತ್ತು ನಮ್ಮ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ ಬಂದಿದ್ರು. ತಿರುವಿನಲ್ಲಿ ಹಾರೆ ಇಟ್ಟು ಎತ್ತಿದ್ರೆ ಮೊಳೆ ಹಾಗೇ ಕೈಗೆ ಬಂತು. ಒಂದಲ್ಲ, ಹದಿನಾಲ್ಕು! ಮೇಲಿಂದ ನೋಡಿದ್ರೆ ಎಲ್ಲ ಚೆನ್ನಾಗಿ ಕೂತಿವೆ. ಒಳಗೆ ಹಿಡಿತ ಒಂದಿಷ್ಟೂ ಇಲ್ಲ."

"ಹಾಗಂದ್ರೆ?"

"ಸಡಿಲಾಗಿ ಎದ್ದ ಮೊಳೆನ ಯಾರೋ ಅದೇ ಹಳೇ ತೂತಿಗೆ ಬಡಿದು ಕೂರಿಸಿದ್ದಾರೆ. ಹಾಗೆ ಮಾಡೋ ಹಾಗಿಲ್ಲ. ಮೇಸ್ತ್ರಿ ಏನಂದ್ರು ಗೊತ್ತಾ? ಮೈಗಳ್ಳತನಕ್ಕೆ ನೀನೇ ಬಡಿದಿದ್ದೀಯ ಅಂದ್ರು. ಶನಿವಾರದೊಳಗೆ ಯಾರು ಅಂತ ಗೊತ್ತಾಗದಿದ್ರೆ ರಿಪೋರ್ಟಿನಲ್ಲಿ ನನ್ನ ಹೆಸರೇ ಬರಿತಾರಂತೆ. ಬರೆದ್ರೆ ಕೆಲಸ ಹೋಯ್ತು ಅಂತಲೇ ಲೆಕ್ಕ."

ಜಗುಲಿಯ ಮೇಲೆ ಕೂತಿದ್ದ ಯಜಮಾನರು ಕೆಮ್ಮಿದರು. "ಮೊಳೆ ಕೂತಿದೆ ತಾನೇ? ಮತ್ತೇನಂತೆ ಅವನಿಗೆ? ಹೆಣ್ಣುಮಗಳು ಕೆಲಸಕ್ಕೆ ಬಂದಿದ್ದು ಆ ಮೇಸ್ತ್ರಿಗೆ ಮೊದಲಿಂದಲೂ ಹಿಡಿಸಿಲ್ಲ. ಅವನ ಮೇಲೇ ನನಗೆ ಅನುಮಾನ" ಅಂದರು. ನನಗೂ ಹೌದೆನ್ನಿಸಿತು. ಆ ಮೇಸ್ತ್ರಿಯಂತೆ ಮೀಸೆ ತಿರುವಿಕೊಳ್ಳುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಮೊಳೆ ಕೈಯಿಂದ ಕೈಗೆ ದಾಟಿತು. ಅದರ ತಲೆಯ ಮೇಲೆ, ಉಗುರಿನಿಂದ ಒತ್ತಿದಂತೆ, ಅರ್ಧಚಂದ್ರದ ಒಂದು ಗುರುತು. ಯಾವುದೋ ಅಂಚು ಮುಕ್ಕಾದ ಸುತ್ತಿಗೆಯ ಏಟು. ಹಳಿಯಕ್ಕನ ಸುತ್ತಿಗೆ ಸರಿಯಾಗಿಯೇ ಇತ್ತು. ಅದನ್ನು ತೋರಿಸಿದರೆ ಮೇಸ್ತ್ರಿ, "ಮನೆಯಲ್ಲಿ ಇನ್ನೊಂದು ಇಟ್ಕೊಂಡಿರ್ತೀಯ" ಅಂದರಂತೆ.

ಮಾರನೆಯ ದಿನದಿಂದ ಬೀದಿಯಲ್ಲಿ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬದಲಾಯಿತು. ನೀರು ಹಿಡಿಯುವಲ್ಲಿ ಗುಸುಗುಸು, ನಾನು ಹೋದರೆ ಗಪ್‌ಚುಪ್. ಕೆಲವರು ಹಳಿಯಕ್ಕನೇ ಕೆಲಸ ಕದ್ದಿದ್ದಾಳೆ ಅಂದರು. ಅವಳ ಗಂಡ ಗಿರಣಿಯಿಂದ ಇದೇ ಹಳಿಯ ಮೇಲೆ ಸಂಜೆಯ ರೈಲುಗಾಡಿಯಲ್ಲಿ ಬರುತ್ತಾನೆ; ಬೀದಿಯ ಅರ್ಧ ಜನ ಅದರಲ್ಲೇ ಬರುವುದು. "ನಮ್ಮವರನ್ನ ಸಾಯಿಸೋಕೆ ಹೊರಟಿದ್ದಾಳೆ" ಎಂದು ಒಬ್ಬಳು ಅಂದದ್ದು ಹಳಿಯಕ್ಕನ ಕಿವಿಗೂ ಬಿತ್ತು. ಆ ದಿನ ಅವಳು ಊಟ ಮುಟ್ಟಲಿಲ್ಲ.

ನನ್ನ ಅನುಮಾನ ಗುಜರಿಯವನ ಮೇಲೆ. ಕಬ್ಬಿಣ ಅಂದರೆ ಅವನೇ ಅಲ್ಲವೇ? ನನ್ನ ಬಾಯಿಗೆ ಬೀಗ ಇದ್ದಿದ್ದರೆ ಚೆನ್ನಾಗಿತ್ತು. ಅದು ಇಲ್ಲದ ಕಾರಣ ಬುಧವಾರದ ಹೊತ್ತಿಗೆ ಇಡೀ ಬೀದಿ ಅವನ ತಳ್ಳುಗಾಡಿಯ ಸುತ್ತ ನಿಂತಿತ್ತು. ಅವನು ಗಾಡಿಯಲ್ಲಿದ್ದದ್ದನ್ನೆಲ್ಲ ರಸ್ತೆಗೆ ಸುರಿದ. ತಗಡು, ಡಬ್ಬಿ, ಮುರಿದ ಸೈಕಲ್ ಚಕ್ರ. ಒಂದೂ ಹಳಿಯ ಮೊಳೆ ಇರಲಿಲ್ಲ.

"ನಾನು ಕದಿಯೋದಾದ್ರೆ ಕಿತ್ಕೊಂಡು ಹೋಗ್ತಿದ್ದೆ. ವಾಪಸ್ ಬಡಿದು ಕೂರಿಸಿ ಯಾಕೆ ಹೋಗ್ಲಿ? ಇಷ್ಟೂ ತಲೆಗೆ ಹೋಗಲ್ವಾ ನಿಮಗೆ?" ಎಂದ. ಸುರಿದದ್ದನ್ನೆಲ್ಲ ಅವನೊಬ್ಬನೇ ಎತ್ತಿ ತುಂಬಿಕೊಂಡ, ನಾವು ಒಬ್ಬರೂ ಕೈಹಾಕಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಮಧ್ಯಾಹ್ನ. ಹಳಿಯಕ್ಕನನ್ನು ಮಾತಾಡಿಸೋಣ ಎಂದು ಅವರ ಬಾಗಿಲು ತಳ್ಳಿದೆ. ಅದು ದಡಕ್ಕನೆ ನನ್ನ ಭುಜದ ಮೇಲೇ ಬಂತು! ಅವಳು ಓಡಿಬಂದು ಹಿಡಿದುಕೊಂಡಳು. ಕೀಲಿನ ಮೊಳೆ ನನ್ನ ಕಾಲಬುಡದಲ್ಲಿ ಬಿದ್ದಿತ್ತು. ಎತ್ತಿಕೊಂಡು ಬೆಳಕಿಗೆ ಹಿಡಿದೆ. ತಲೆಯ ಮೇಲೆ ಅರ್ಧಚಂದ್ರದ ಗುರುತು.

ಅದನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿದಳು, ನನ್ನ ಮುಖ ನೋಡಿದಳು. ಯಜಮಾನರು ದಿನಾ ಬೆಳಗ್ಗೆ, ಸೊಸೆ ಹೊರಡುವ ಮುಂಚೆಯೇ, ಒಂದು ಬಟ್ಟೆಯ ಚೀಲ ಹಿಡಿದು ಹಳಿಯ ಕಡೆ ತಿರುಗಾಡಲು ಹೋಗುತ್ತಿದ್ದರು. ಕಿಟಕಿಯಿಂದ ನಾನು ದಿನಾ ನೋಡುತ್ತಿದ್ದೆ. ಚೀಲದ ಭಾರಕ್ಕೆ ಅವರ ಒಂದು ಭುಜ ವಾಲಿರುತ್ತಿತ್ತು. ಹಿರಿಯರಲ್ಲವೇ, ತರಕಾರಿ ತರುತ್ತಾರೆ ಅಂದುಕೊಂಡಿದ್ದೆ. ಹೋಗುವಾಗಲೇ ಚೀಲ ಯಾಕೆ ಭಾರ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ ನೋಡಿ.

"ಮಾವಾ" ಎಂದು ಕರೆದಳು. ದನಿ ಏರಿಸಲಿಲ್ಲ. "ತಿರುವಿನ ಮೊಳೆಗೆ ಹೊಡೆದಿದ್ದು ನೀವಾ?"

ಯಜಮಾನರು ಎದೆ ಸೆಟೆಸಿ, "ಹೌದು, ನಾನೇ. ನೀನು ಬೆನ್ನುನೋವು ಅಂತ ನರಳ್ತಿದ್ದೆಯಲ್ಲ, ನಿನ್ನ ಕೆಲಸ ಒಂಚೂರು ಕಮ್ಮಿ ಆಗ್ಲಿ ಅಂತ ಮಾಡ್ದೆ. ಎದ್ದ ಮೊಳೆ ಕಂಡ್ರೆ ಆ ಮೇಸ್ತ್ರಿ ನಿನ್ನ ಬೈತಾನೆ. ಅದಕ್ಕೇ ನೀನು ಹೋಗೋಷ್ಟರಲ್ಲಿ ಕೂರಿಸಿ ಬರ್ತಿದ್ದೆ" ಅಂದರು.

"ನಾಲ್ಕು ದಿನದಿಂದ ನಾನು ಅಳ್ತಿದ್ದೀನಿ. ಬಾಯಿ ಬಿಡಲಿಲ್ಲವಲ್ಲ ನೀವು!"

"ತಪ್ಪು ಮಾಡಿದ್ರೆ ತಾನೇ ಬಾಯಿ ಬಿಡೋದು? ಮೊಳೆ ಗಟ್ಟಿಯಾಗಿದೆ. ಮೇಸ್ತ್ರಿ ಸುಳ್ಳು ಹೇಳ್ತಾನೆ. ನಲವತ್ತು ವರ್ಷ ಕಬ್ಬಿಣ ಬಡಿದಿದ್ದೀನಿ, ಕಬ್ಬಿಣದ ವಿಷಯ ನನಗೇ ಹೇಳಿಕೊಡ್ತೀಯಾ?"

"ಹೇಳಿಕೊಡಲ್ಲ ಮಾವ, ತೋರಿಸ್ತೀನಿ. ಬನ್ನಿ."

ತಿರುವಿನಲ್ಲಿ ಮೇಸ್ತ್ರಿ ಸೋಮವಾರವೇ ನಿಧಾನದ ಫಲಕ ನೆಡಿಸಿದ್ದರು. ಗಾಡಿ ಮನುಷ್ಯ ನಡೆದಷ್ಟೇ ವೇಗದಲ್ಲಿ ದಾಟಬೇಕು. ಹೆಚ್ಚಿನ ಮೊಳೆಗಳನ್ನು ಗ್ಯಾಂಗಿನವರು ಸರಿಮಾಡಿ ಮುಗಿಸಿದ್ದರು. ಕೊನೆಯ ಎರಡಕ್ಕೆ ಸುಣ್ಣದ ಗುರುತು ಹಾಕಿಟ್ಟು, ಮಾರನೆಯ ದಿನ ಬರುವುದಾಗಿ ಹೇಳಿ ಹೋಗಿದ್ದರು. ಹಳಿಯಕ್ಕ ನಮ್ಮಿಬ್ಬರನ್ನು ಬೇಲಿಯಾಚೆ, ದೂರದಲ್ಲೇ ನಿಲ್ಲಿಸಿದಳು. ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು.

ಮೊದಲು ಸರಿಮಾಡಿದ ಮೊಳೆಗೆ ಸುತ್ತಿಗೆ ತಟ್ಟಿದಳು. ಠಣ್ ಎಂದಿತು. ಆಮೇಲೆ ಸುಣ್ಣ ಹಾಕಿದ್ದಕ್ಕೆ ತಟ್ಟಿದಳು. ಡಬ್.

"ಕೇಳಿಸ್ತಾ ಮಾವ?"

"ಕೇಳಿಸ್ತು" ಎಂದರು ಯಜಮಾನರು. ಕಬ್ಬಿಣದ ಸದ್ದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಬಿಟ್ಟುಕೊಡಲಿಲ್ಲ. "ಇನ್ನೆರಡೇಟು ಬಿದ್ದಿದ್ರೆ ಅದೂ ಠಣ್ ಅಂತಿತ್ತು."

"ಏಟಿನಲ್ಲಿ ಕೊರತೆ ಇಲ್ಲ ಮಾವ. ಮೊಳೆ ಕಬ್ಬಿಣದ್ದು, ಹಿಡ್ಕೋಬೇಕಾದ್ದು ಮರ. ಮೊಳೆ ಒಮ್ಮೆ ಎದ್ದಿತು ಅಂದ್ರೆ ಸುತ್ತಲಿನ ಮರ ಸವೆದು ತೂತು ಅಗಲ ಆಗಿರುತ್ತೆ. ಒಳಗೆ ನೀರು ಇಳಿದು ಮೆತ್ತಗೂ ಆಗಿರುತ್ತೆ. ಎಷ್ಟು ಬಡಿದ್ರೂ ಅದು ಹಿಡಿಯಲ್ಲ."

ಇದು ನನಗೆ ಥಟ್ಟನೆ ಅರ್ಥವಾಯಿತು. ಬಟ್ಟೆ ಹರಿದಲ್ಲೇ ಗುಂಡಿ ಹೊಲಿದರೆ ನಿಲ್ಲುವುದಿಲ್ಲ, ಮೊದಲು ಅಡಿಗೆ ತುಂಡು ಕೊಡಬೇಕು.

"ಹಾಗಾದ್ರೆ ನೀವು ಏನು ಮಾಡ್ತೀರಿ?" ಎಂದೆ.

"ಹಳೇ ತೂತಿಗೆ ಎಣ್ಣೆ ಕುಡಿಸಿದ ಮರದ ಗೂಟ ಬಿಗಿಯಾಗಿ ಬಡಿದು ಮುಚ್ತೀವಿ. ಎರಡು ಹಳಿ ನಡುವಿನ ಅಂತರ ಅಳತೆ ಕೋಲಿಟ್ಟು ನೋಡ್ತೀವಿ. ಆಮೇಲೆ ಗಟ್ಟಿ ಮರ ಇರೋ ಕಡೆ, ಮೊಳೆಗಿಂತ ಸಣ್ಣದಾಗಿ ಹೊಸ ತೂತು ಕೊರೆದು ಹೊಡಿತೀವಿ. ಹಳಿಯ ಒಳಬದಿ ಮೊಳೆ, ಹೊರಬದಿ ಮೊಳೆ ಮರದ ಒಂದೇ ಗೆರೆಯಲ್ಲಿ ಬರೋ ಹಾಗಿಲ್ಲ, ಬಂದ್ರೆ ಮರ ಸೀಳುತ್ತೆ. ಸ್ಲೀಪರೇ ಕೊಳೆತಿದ್ರೆ ಅದನ್ನೇ ಬದಲಾಯಿಸಬೇಕು. ನನ್ನದೂ ತಪ್ಪಿದೆ. ಎದ್ದ ಮೊಳೆನ ಮಾತ್ರ ತಟ್ಟಿ ನೋಡ್ತಿದ್ದೆ, ಕೂತಿದ್ದನ್ನ ನಂಬಿಬಿಟ್ಟೆ."

ಅಷ್ಟರಲ್ಲಿ ಸಂಜೆಯ ಗಾಡಿಯ ಸೀಟಿ ಕೇಳಿತು. ಹಳಿಯಕ್ಕ ಹಳಿ ಬಿಟ್ಟು ಬೇಲಿಯಾಚೆ ಬಂದು ಬಾವುಟ ಸುತ್ತಿಟ್ಟುಕೊಂಡು ನಿಂತಳು. "ಮಾವ, ಬೇರೇನೂ ನೋಡಬೇಡಿ. ಸುಣ್ಣದ ಮೊಳೆ ಮಾತ್ರ ನೋಡ್ತಿರಿ" ಎಂದಳು.

ಗಾಡಿ ತೆವಳುತ್ತಾ ಬಂತು. ಚಕ್ರ ಹತ್ತಿರವಾದಂತೆ ಆ ಎರಡು ಮೊಳೆಗಳೂ ಮೆಲ್ಲಗೆ ಮೇಲೆದ್ದವು. ಚಕ್ರ ದಾಟಿದ ಮೇಲೆ ಇಳಿದವು, ಮುಂದಿನ ಚಕ್ರಕ್ಕೆ ಮತ್ತೆ ಎದ್ದವು. ಹಳಿ ಹೊರಗಡೆಗೆ ಒಂಚೂರು ವಾಲಿ ವಾಪಸ್ಸಾಗುವುದು ನನ್ನ ಕಣ್ಣಿಗೇ ಕಂಡಿತು. ಅದೂ ಇಷ್ಟು ನಿಧಾನಕ್ಕೆ ಹೋಗುವಾಗ, ಎರಡೇ ಮೊಳೆ ಸಡಿಲ ಇರುವಾಗ.

"ಅಪ್ಪಾ! ಇಲ್ಲೇನು ಮಾಡ್ತಿದ್ದೀಯ?" ಎಂದು ಯಾರೋ ಕೂಗಿದರು. ಮೂರನೆಯ ಡಬ್ಬಿಯ ಬಾಗಿಲಲ್ಲಿ ಅವರ ಮಗ ನಿಂತು ನಗುತ್ತಾ ಕೈಬೀಸುತ್ತಿದ್ದ. ಯಜಮಾನರು ಕೈ ಎತ್ತಲಿಲ್ಲ. ಮಗನ ಮುಖ ನೋಡಿದರು, ಮೊಳೆ ನೋಡಿದರು. ಗಾಡಿ ದಾಟಿಹೋದ ಮೇಲೂ ಬೇಲಿಯ ಕಂಬ ಹಿಡಿದು ನಿಂತೇ ಇದ್ದರು.

"ಹದಿನಾಲ್ಕು" ಅಂದರು ಕೊನೆಗೆ. "ದಿನಾ ಇವನು ಇದರ ಮೇಲೇ ಬರ್ತಿದ್ನಲ್ಲ. ಪೂರಾ ವೇಗದಲ್ಲಿ."

ಮರುದಿನ ಬೆಳಗ್ಗೆ ಯಜಮಾನರು ಸುತ್ತಿಗೆಯ ಚೀಲ ಹಿಡಿದು ಹೊರಟಾಗ ನಾನು ಕಿಟಕಿ ಬಿಟ್ಟು ಹಿಂದೆಯೇ ಹೋದೆ. ಅನುಮಾನ ಹತ್ತಿದ ಮೇಲೆ ಬಿಡುವ ಪೈಕಿ ನಾನಲ್ಲ. ಅವರು ನೇರ ಮೇಸ್ತ್ರಿಯ ಮುಂದೆ ನಿಂತು ಸುತ್ತಿಗೆ ಮೇಜಿನ ಮೇಲಿಟ್ಟರು. "ನಾನೇ ಹೊಡೆದಿದ್ದು. ರಿಪೋರ್ಟಿನಲ್ಲಿ ನನ್ನ ಹೆಸರು ಬರ್ಕೊಳ್ಳಿ. ನನ್ನ ಸೊಸೆ ಕೆಲಸಗಳ್ಳಿ ಅಲ್ಲ" ಅಂದರು. ಮೇಸ್ತ್ರಿ ಮೊಳೆಯ ತಲೆಯನ್ನೂ ಸುತ್ತಿಗೆಯ ಅಂಚನ್ನೂ ಕೂಡಿಸಿ ನೋಡಿದರು. ಬಾಯ್ತುಂಬ ಬೈದರು, ಬೈಸಿಕೊಳ್ಳಬೇಕಾದ್ದೇ. ಆಮೇಲೆ ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಹಳಿಯಕ್ಕನ ಕಡೆ ತಿರುಗಿ, "ನೋಡದೆ ಮಾತಾಡಿಬಿಟ್ಟೆ ಕಣಮ್ಮ" ಅಂದರು. ಇನ್ನು ಮುಂದೆ ಕೂತ ಮೊಳೆಗಳನ್ನೂ ತಟ್ಟಿ ನೋಡಬೇಕೆಂದು ತಾಕೀತನ್ನೂ ಮಾಡಿದರು. ಆ ಮೀಸೆಯ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಅಲ್ಲಿಂದ ಯಜಮಾನರೂ ನಾನೂ ಗುಜರಿಯವನ ಮನೆಗೆ ಹೋದೆವು. ನಾನೇ ಮೊದಲು ಕ್ಷಮೆ ಕೇಳಿದೆ. ಅವನು ಕೂರಲು ಹೇಳಲಿಲ್ಲ. ಅವನದೇನೂ ತಪ್ಪಿಲ್ಲ.

ಈಗ ಪಕ್ಕದ ಮನೆಯ ಬಾಗಿಲು ಬೀಳುವುದಿಲ್ಲ. ಯಜಮಾನರು ಹಳೆಯ ತೂತಿಗೆ ಗೂಟ ಬಡಿದು, ಪಕ್ಕದಲ್ಲಿ ಹೊಸದಾಗಿ ಕೊರೆದು ಮೊಳೆ ಹೊಡೆದಿದ್ದಾರೆ. ಬಂದವರಿಗೆಲ್ಲ ಬಾಗಿಲು ಅಲ್ಲಾಡಿಸಿ ತೋರಿಸುತ್ತಾರೆ. ಬೆಳಗಿನ ತಿರುಗಾಟ ಈಗಲೂ ಇದೆ, ಬೇಲಿಯ ಈಚೆಗೆ, ಬರಿಗೈಯಲ್ಲಿ. ಎದ್ದ ಮೊಳೆ ಕಂಡರೆ ಗುರುತಿಟ್ಟುಕೊಂಡು ಬಂದು ಸೊಸೆಗೆ ಹೇಳುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಳಿಯ ಪಕ್ಕ ನಿಮ್ಮ ಮನೆ ಇದ್ದರೆ ನಾನು ಕೇಳಿಕೊಳ್ಳುವುದು ಇಷ್ಟು. ಹಳಿಯ ಮೊಳೆ ಎದ್ದಿರುವುದು ಕಂಡರೆ ಕೈಹಾಕಬೇಡಿ. ಕಿತ್ತುಕೊಳ್ಳುವುದೂ ಬೇಡ, ಒಳ್ಳೆಯ ಮನಸ್ಸಿನಿಂದ ಬಡಿದು ಕೂರಿಸುವುದೂ ಬೇಡ. ಎದ್ದ ಮೊಳೆ ಕಣ್ಣಿಗೆ ಬೀಳುತ್ತದೆ, ಬಡಿದು ಕೂರಿಸಿದ್ದು ಕಣ್ಣಿಗೇ ಬೀಳುವುದಿಲ್ಲ. ಜಾಗ ಗುರುತಿಟ್ಟುಕೊಂಡು ಕೂಡಲೇ ಹತ್ತಿರದ ಗೇಟಿನವರಿಗೋ ಸ್ಟೇಷನ್ನಿಗೋ ಹಳಿ ಕಾಯುವವರಿಗೋ ಹೇಳಿ. ಮನೆಯಲ್ಲಿ ಯಾರಾದರೂ ಈಗಾಗಲೇ ಕೈಹಾಕಿದ್ದರೆ ಅದನ್ನೂ ಮುಚ್ಚಿಡದೆ ಹೇಳಿಬಿಡಿ. ಬೈಸಿಕೊಂಡರೆ ಒಂದು ಗಳಿಗೆ, ಅಷ್ಟೆ.

ಸಂಜೆಯ ಗಾಡಿ ಬರುವ ಹೊತ್ತಾಯಿತು. ಅದರಲ್ಲಿ ನಿಮ್ಮವರೂ ಯಾರೋ ಇದ್ದಾರೆ.