ನಾಲ್ಕು ಗುರುವಾರದ ಹೆಬ್ಬೆಟ್ಟು

"ಹದಿಮೂರನೇ ತಾರೀಕು ಮ್ಯಾನೇಜರು ನಿಮ್ಮನೆಗೆ ಬಂದಿದ್ರೇನಮ್ಮ?" ಎಂದು ಬ್ಯಾಂಕಿನ ಇನ್ಸ್‌ಪೆಕ್ಟರು ಭೇಟಿ ಪುಸ್ತಕ ಬಿಡಿಸಿಕೊಂಡು ಕೇಳಿದಾಗ, ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರು ಷಡಕ್ಷರಿ ಕೆಂಚಮ್ಮನ ಮುಖ ನೋಡಿದ.

ಅವನು ಬಂದಿರಲಿಲ್ಲ. ಇಪ್ಪತ್ತಕ್ಕೂ ಇಲ್ಲ, ಇಪ್ಪತ್ತೇಳಕ್ಕೂ ಇಲ್ಲ. ಜನವರಿ ಆರನೇ ತಾರೀಕು ಒಂದೇ ಒಂದು ಸಲ ಬಂದು, ತಿಂಗಳ ನಾಲ್ಕೂ ಗುರುವಾರದ ಹೆಬ್ಬೆಟ್ಟನ್ನು ಕುರಿಸಾಲ ಪಡೆದಿದ್ದ ಕೆಂಚಮ್ಮನಿಂದ ಒಟ್ಟಿಗೇ ಒತ್ತಿಸಿಕೊಂಡು ಹೋಗಿದ್ದ. ಯಾವ್ಯಾವ ದಿನದ್ದು ಎಂದು ಅವಳು ಕೇಳಿದ್ದಕ್ಕೆ ತಾರೀಕುಗಳನ್ನು ಓದಿಯೂ ಹೇಳಿದ್ದ.

ಎಂಬತ್ತಮೂರನೇ ಇಸವಿ ಹುಟ್ಟುತ್ತಲೇ ಬ್ಯಾಂಕಿನ ಶಾಖೆಗಳಿಗೂ ಶಾಲೆ ಮಕ್ಕಳ ಹಾಗೆ ಅಂಕ ಕೊಡುವುದು ಶುರುವಾಗಿತ್ತು. ಠೇವಣಿಗೆ ಇಷ್ಟು, ವಸೂಲಿಗೆ ಇಷ್ಟು, ಸಾಲ ಪಡೆದವರ ಮನೆಗೆ ವಾರವಾರ ಹೋಗಿಬಂದದ್ದಕ್ಕೆ ಇಷ್ಟು. ಮೇಲೆ ಕೂತವರಿಗೆ ಅಂಕ ಕಂಡರಾಯಿತು, ಊರು ಕಾಣಬೇಕೆಂದೇನೂ ಇಲ್ಲ. ಯಗಟಿ ಶಾಖೆಗೆ 'ಎ' ದರ್ಜೆ ಬಂದರೆ ಮ್ಯಾನೇಜರಿಗೆ ಕೇಳಿದ ಊರಿಗೆ ವರ್ಗ. ಷಡಕ್ಷರಿ ಕೇಳಿದ್ದು ಹರಿಹರ. ಹೆಂಡತಿ ಅಲ್ಲಿ ಟೀಚರು. ಐದು ವರ್ಷದ ಮಗಳು ಅಪ್ಪನನ್ನು ಯಾರೋ ನೆಂಟರು ಎಂಬಂತೆ ನೋಡುತ್ತಿದ್ದಳು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಮೂರು ವರ್ಷ ಕಳೆದು ಅವನಿಗೆ ಸಾಕುಸಾಕಾಗಿತ್ತು. ಇದನ್ನೆಲ್ಲ ಅವನು ಆರನೇ ತಾರೀಕು, ಬಸ್ಸು ಬರುವತನಕ ಹೊತ್ತು ಹೋಗಲೆಂದು ಕೆಂಚಮ್ಮನ ಹತ್ತಿರ ಹೇಳಿಕೊಂಡಿದ್ದ.

"ಬಂದಿದ್ರು ಕಣ್ರೀ," ಎಂದಳು ಕೆಂಚಮ್ಮ.

"ಬಂದು ಏನ್ಮಾಡಿದ್ರು?"

"ಇದೇ ಮಣೆ ಮ್ಯಾಲೆ ಕುಂತ್ಕಂಡ್ರು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟೆ. ಮಂಡಿ ನೋವು ಹೆಂಗೈತೆ ಅಂತ ಕೇಳಿದ್ರು. ಮುಂದಿನ ವಾರ ಬಂದಾಗ ಮಗಳ ಫೋಟೋ ತಂದು ತೋರ್ಸಿದ್ರು. ಎರಡು ಜಡೆ ಹಾಕೈತೆ ಮಗ."

ಅವಳಿಗೆ ಮಂಡಿ ನೋವಿದೆ ಎಂಬುದೇ ಷಡಕ್ಷರಿಗೆ ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬಿಡುವ ಆಸಾಮಿಯಲ್ಲ. "ಹಗಲೊತ್ತು ನೀವು ಕುರಿ ಮೇಯ್ಸಕ್ಕೆ ಹೋಗಿರ್ತೀರಲ್ಲಮ್ಮ?"

"ಸಾಹೇಬ್ರು ಬರೋ ದಿನ ಬಿಡಾಕಿಲ್ಲ. ರೊಪ್ಪದಾಗೇ ಸೊಪ್ಪು ಹಾಕ್ತೀನಿ. ಬೇಕಾರೆ ಆ ಚೌಡಪ್ಪನ್ನ ಕೇಳಿ."

ಬೇಲಿಯಾಚೆ ಹೊಲದಲ್ಲಿದ್ದ ಚೌಡಪ್ಪ ಕೆಲಸ ನಿಲ್ಲಿಸಿದ. "ಹೌದು ಸ್ವಾಮಿ, ಗುರುವಾರ ಬಂದ್ರೆ ಹನ್ನೆರಡು ಕುರಿಗೂ ಜೈಲು. ಬೆಳಗಿಂದ ಬೈಗಿನ ತಂಕ ಬಡ್ಕಂತಾವೆ. ಯಾಕೆ ಬಿಡ್ಲಿಲ್ಲ ಕೆಂಚಕ್ಕ ಅಂದ್ರೆ, ಯಾರೋ ಬತ್ತಾರೆ ಅಂತಾಳೆ. ಯಾರು ಬಂದ್ರೋ ಹೋದ್ರೋ, ನಾನು ನೋಡಿಲ್ಲಪ್ಪ."

ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು. ನಾಲ್ಕೂ ಹೆಬ್ಬೆಟ್ಟಿನ ಮುಂದೆ ಸರಿಯಿದೆ ಎಂದು ಕೆಂಪು ಗುರುತು ಹಾಕಿ ಜೀಪಿನತ್ತ ನಡೆದರು. ಷಡಕ್ಷರಿಗೆ ತಲೆ ಎತ್ತಲಾಗಲಿಲ್ಲ. ಸುಳ್ಳು ತಾರೀಕು ಬರೆದವನು ತಾನು, ಆ ತಾರೀಕುಗಳನ್ನು ನಂಬಿ ಕಾದವಳು ಇವಳು.

"ಈಗ ಹರಿಹರಕ್ಕೆ ಹಾಕ್ತಾರಾ?" ಎಂದು ಅವಳು ಮೆಲ್ಲಗೆ ಕೇಳಿದಳು. ಜೀಪು ಹಾರನ್ ಮಾಡಿತು.

ಫೆಬ್ರವರಿಯಿಡೀ ಅವನಿಗೆ ಆ ಕಡೆ ಹೋಗಲು ಮುಖವಿರಲಿಲ್ಲ. ಮಾರ್ಚಿ ಮೊದಲ ವಾರ ಹರಿಹರಕ್ಕೆ ವರ್ಗದ ಆರ್ಡರು ಬಂತು. ಗುರುವಾರ ಮಧ್ಯಾಹ್ನ ಬ್ಯಾಂಕಿನಿಂದ ಬರಿಗೈಯಲ್ಲಿ ಹೊರಟ. ಮನೆ ಇನ್ನೂ ದೂರವಿರುವಾಗಲೇ ರೊಪ್ಪದೊಳಗಿನ ಕುರಿಗಳ ಕೂಗು ಕೇಳಿಸಿತು.

ಕೆಂಚಮ್ಮ ಅವನನ್ನು ಕಂಡವಳೇ ಮಣೆ ಹಾಕಿದಳು. ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಮುಂದೆ ಚಾಚಿದಳು.

"ಬುಕ್ಕು ತಂದಿಲ್ಲ ಕೆಂಚಮ್ಮ."

"ಮತ್ಯಾಕೆ ಬಂದ್ರಿ?"

ಕೊಂಕಿಲ್ಲದೆ ಕೇಳಿದ್ದಳು. ಅವನು ಆರ್ಡರಿನ ಜೊತೆ ಇಟ್ಟುಕೊಂಡಿದ್ದ ಮಗಳ ಫೋಟೋವನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟ. ಹುಡುಗಿಗೆ ಬಾಬ್ ಕಟ್ ಮಾಡಿಸಿತ್ತು. ಕೆಂಚಮ್ಮ ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಜೋಪಾನವಾಗಿ ಹಿಂದಕ್ಕೆ ಕೊಟ್ಟಳು.

"ಜಡೆ ಕತ್ತರಿಸಿಬಿಟ್ರಾ?" ಎಂದಳು. "ಅವತ್ತು ತೋರ್ಸಿದಾಗ ಎಷ್ಟು ಉದ್ದ ಇತ್ತು."