ಎರಡು ಗಂಟೆಗೊಮ್ಮೆ

"ಹುಯ್ಯೇ ಅಂದ್ರೆ ಹುಯ್ಬೇಕು! ಬೀದಿಯೆಲ್ಲಾ ಒದ್ದೆ ಮಾಡೋ ಜನ, ಇಲ್ಲಿಗೆ ಬಂದ್ರೆ ಮಾತ್ರ ಮಹಾರಾಣಿ ಬಿಂಕ!"

ಎಕ್ಸ್‌ರೇ ತೆಗೆಯುವವನು ಗಾಜಿನ ಆಚೆಯಿಂದ ಕೂಗುತ್ತಿದ್ದ. ನನ್ನ ಮೂರು ವರ್ಷದ ಚೋಟಿ ತಣ್ಣನೆಯ ಮೇಜಿನ ಮೇಲೆ ಬೆತ್ತಲೆ ಮಲಗಿದ್ದಳು. ಉಚ್ಚೆಯ ದಾರಿಯಲ್ಲಿ ತೆಳ್ಳನೆಯ ನಳಿಗೆ ತೂರಿಸಿ ಔಷಧಿ ನೀರು ಬಿಟ್ಟಿದ್ದರು. ಕಿಬ್ಬೊಟ್ಟೆ ಉಬ್ಬಿತ್ತು. ಮಗು ಹೊಯ್ಯುವಾಗಲೇ ಚಿತ್ರ ಹಿಡಿಯಬೇಕಂತೆ. ಉಚ್ಚೆ ಕೆಳಗೆ ಹೋಗುತ್ತದೋ, ಹಿಂದಕ್ಕೆ ಕಿಡ್ನಿಗೆ ಹತ್ತುತ್ತದೋ ಆಗ ಕಾಣುತ್ತದಂತೆ. ಆರು ತಿಂಗಳಲ್ಲಿ ನಾಲ್ಕು ಸಲ ಚಳಿಜ್ವರ ಬಂದು ಮಗು ಹಣ್ಣಾಗಿತ್ತು.

ಎಕ್ಸ್‌ರೇ ತಾಗದಿರಲೆಂದು ನನಗೂ ಭಾರದ ಕೋಟು ತೊಡಿಸಿ ಪಕ್ಕದಲ್ಲಿ ನಿಲ್ಲಿಸಿದ್ದರು. ನಿಂತಲ್ಲೇ ನಿದ್ದೆ ಬರುವಷ್ಟು ಸುಸ್ತಾಗಿತ್ತು.

"ಹುಯ್ಯಮ್ಮಾ, ನನ್ ಕಂದಾ."

"ಅಮ್ಮಾವ್ರು ಬೈತಾರೆ," ಎಂದು ಚೋಟಿ ಕಾಲು ಹೆಣೆಯಲು ನೋಡಿದಳು.

"ಯಾವ ಅಮ್ಮಾವ್ರೇ?" ಎಂದಳು ನರ್ಸು. ನಾನು ಮಗುವಿನ ಕಾಲು ಬಿಡಿಸಿದೆ.

ನಾನು ಕಸಮುಸುರೆ ಮಾಡುವ ಮನೆಯಲ್ಲಿ ಮೂರು ಕಕ್ಕಸುಗಳಿವೆ. ಒಂಬತ್ತು ವರ್ಷದಿಂದ ಮೂರನ್ನೂ ಹಲ್ಲುಜ್ಜಿದ ಹಾಗೆ ಉಜ್ಜುವವಳು ನಾನು. ನಾವು ಅವುಗಳಲ್ಲಿ ಕೂರುವ ಹಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋದರೆ ಮೂರಕ್ಕೆ ವಾಪಸು. ನೋಡಿಕೊಳ್ಳುವವರಿಲ್ಲದೆ ಮಗುವನ್ನು ಹಿತ್ತಿಲ ಬಾಗಿಲಲ್ಲಿ ಗೋಣಿತಾಟಿನ ಮೇಲೆ ಕೂರಿಸುತ್ತಿದ್ದೆ. ಒಮ್ಮೆ ಅವಳು ಅಲ್ಲೇ ಹೊಯ್ದುಕೊಂಡಳು. "ಥೂ, ಹೊಲಸು ಮುಂಡೇವೇ!" ಎಂದು ಅಮ್ಮಾವ್ರು ಅದೇ ಜಾಗವನ್ನು ಮೂರು ಸಲ ತೊಳೆಸಿದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ಕೋಪ ನನ್ನ ಮಗಳ ದವಡೆಗೆ ಬಿತ್ತು. ಅವತ್ತಿನಿಂದ ಕಾಲು ಹೆಣೆದು ತಡೆಯುವುದನ್ನು ಕಲಿಸಿದೆ. ಮನೆ ಮುಟ್ಟುವವರೆಗೆ ತಡೆದರೆ ಜಾಣೆ ಎಂದು ಮುತ್ತು ಕೊಡುತ್ತಿದ್ದೆ. ನನ್ನ ಮಗಳು ಒದ್ದೆಯೇ ಮಾಡಲ್ಲ ಎಂದು ವಠಾರದಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ ಬೇರೆ.

ನರ್ಸು ಚೋಟಿಯ ಪಾದದ ಮೇಲೆ ಉಗುರುಬೆಚ್ಚಗಿನ ನೀರು ಸುರಿದಳು. ಎರಡು ಸಲ, ಮೂರು ಸಲ. ಕೊನೆಗೆ ತಡೆಯಲು ಮಗುವಿನ ಕೈಯಲ್ಲಿ ಆಗಲಿಲ್ಲ, ಹೊಯ್ದಳು. ಹೊಯ್ಯುತ್ತಲೇ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡಳು. ಎಕ್ಸ್‌ರೇಯವನು ಯಂತ್ರ ನೋಡುತ್ತಿದ್ದ. ನಾನು ಆ ಕೈಗಳನ್ನು ನೋಡಿ ಸತ್ತುಹೋದೆ.

ಡಾಕ್ಟರು ಚಿತ್ರ ತೋರಿಸಿದರು. ಎಡಗಡೆ ಬಿಳಿ ಗೆರೆಯೊಂದು ಕಿಡ್ನಿಯವರೆಗೂ ಹತ್ತಿತ್ತು.

"ನಾನೇ ತಡ್ಕೋ ಅಂತ ಕಲಿಸ್ದೆ ಸಾರ್. ಅದಕ್ಕೇ ಹಿಂಗಾಯ್ತಾ?"

"ಇದು ಹುಟ್ಟಿನಿಂದ್ಲೇ ಇರಬೋದು. ಆದ್ರೆ ತಡೆದ್ರೆ ಮತ್ತೆ ಮತ್ತೆ ಸೋಂಕಾಗತ್ತೆ, ಕಿಡ್ನಿಗೆ ಗಾಯ ಆಗತ್ತೆ. ಔಷಧಿ ತಪ್ಪಿಸ್ಬೇಡ. ಎರಡು ಗಂಟೆಗೊಮ್ಮೆ ಹುಯ್ಸು. ಎಲ್ಲಿದ್ರೂ ಸರಿ."

ಎಲ್ಲಿದ್ದರೂ ಸರಿ. ಹೇಳುವುದು ಎಷ್ಟು ಸಲೀಸು.

ಮರುದಿನ ಹತ್ತು ಗಂಟೆಗೆ ಪಾತ್ರೆ ಬಿಟ್ಟು ಕೈ ಒರೆಸಿಕೊಂಡೆ. ಚೋಟಿಯನ್ನು ಎತ್ತಿಕೊಂಡು ಹೋಗಿ ಅಮ್ಮಾವ್ರ ಕೋಣೆಯ ಬಿಳೀ ಕಮೋಡಿನ ಮೇಲೆ ಕೂರಿಸಿದೆ.

"ಅಯ್ಯಯ್ಯೋ! ಏನೇ ಇದು? ಇಳಿಸೇ ಆ ದರಿದ್ರಾನ!" ಅಮ್ಮಾವ್ರು ಬಾಗಿಲಲ್ಲಿ ನಿಂತಿದ್ದರು. ಚೋಟಿಯ ಕಾಲು ಗಕ್ಕನೆ ಹೆಣೆದುಕೊಂಡಿತು. ಕೈ ಕೆನ್ನೆಗೆ ಹೋಯಿತು.

ನಾನು ಆ ಕೈಗಳನ್ನು ಮೆಲ್ಲಗೆ ಇಳಿಸಿದೆ. ಬಿಸಿನೀರಿನ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಪಾದಕ್ಕೆ ಸುರಿದೆ.

"ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

"ಹಾಕಲ್ಲ ಬಿಡ್ರೀ. ಇವತ್ತಿಂದು ಹುಯ್ಲಿ. ಹುಯ್ಯೇ ನನ್ನವ್ವಾ, ಯಾರೂ ಹೊಡೆಯಲ್ಲ."

ಅಮ್ಮಾವ್ರು ಬೈಯುತ್ತಲೇ ಇದ್ದರು. ನಾನು ನೀರು ಸುರಿಯುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ಸಣ್ಣಗೆ ಸದ್ದು ಶುರುವಾಗಿ ಜೋರಾಯಿತು. ಚೋಟಿ ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಹೊಯ್ದಳು.

ಅವಳ ಚಡ್ಡಿ ಏರಿಸಿ ಸೊಂಟಕ್ಕೆ ಎತ್ತಿಕೊಂಡೆ. ಒಂಬತ್ತು ವರ್ಷ ಆ ಕಕ್ಕಸಿಗೆ ನೀರು ಹಾಕಿದವಳು ನಾನೇ. ಅವತ್ತು ಹಾಕದೆ ಹೊರಟೆ.